ಹುಳದ ಮನೆಯ ಬೆಲ್ಲದ ಡಬ್ಬ

ಅಕ್ಕತಂಗಿಯರೇ, ನಿಮ್ಮಲ್ಲಿ ಎಷ್ಟು ಜನ ಮನೆಯವರೆಲ್ಲ ಉಂಡ ಮೇಲೆ, ಉಳಿದದ್ದನ್ನು ತಿಂದು ಇಲ್ಲಿಗೆ ಬಂದಿದ್ದೀರಿ? ಕೈ ಎತ್ತುವುದೇನೂ ಬೇಡ. ನಾನೂ ಹಾಗೇ ಬದುಕಿದವಳು, ನನಗೆ ಗೊತ್ತು.

ಇದು ಎಂಬತ್ತೆರಡನೇ ಇಸವಿಯ ಮಾತು. ನಮ್ಮೂರು ಶ್ರೀನಿವಾಸಪುರದ ಕಡೆ. ಆಗ ಮನೆಮನೆಯಲ್ಲೂ ರೇಷ್ಮೆ ಹುಳ. ಹುಳ ಸೊಪ್ಪು ಮೇಯುವಾಗ ಬರುತ್ತಿದ್ದ ಸರಸರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಿಪ್ಪುನೇರಳೆ ಸೊಪ್ಪಿನ ಆ ಹಸಿ ವಾಸನೆ ಈಗ ಎಲ್ಲಿ ಬಂದರೂ ನನ್ನ ವಾರಗಿತ್ತಿ ಭಾರತಮ್ಮನೇ ನೆನಪಾಗುತ್ತಾಳೆ. ಅವಳು ಹಿರಿಸೊಸೆ, ನಾನು ಕಿರಿಯವಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಹುಳದ ಉಸ್ತುವಾರಿ ಪೂರ್ತಿ ಅಕ್ಕನದು. ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ಒಂಬತ್ತಕ್ಕೆ ಸೊಪ್ಪು ಬೀಳಲೇಬೇಕು. ಅವಳ ಊಟಕ್ಕೆ ಮಾತ್ರ ಹೊತ್ತೇ ಇರಲಿಲ್ಲ. ಮೂರು ಗಂಟೆಗೆ ತಣ್ಣಗಾದ ಮುದ್ದೆ ಸಿಕ್ಕರೆ ಅದೇ ಪುಣ್ಯ.

ಆ ವರ್ಷ ವೇಮಗಲ್‌ನಲ್ಲಿದ್ದ ಅವಳ ತಂದೆ ತೀರಿಕೊಂಡರು. ಹೋಗಿ ಮೂರೇ ದಿನಕ್ಕೆ ವಾಪಸು ಬಂದಳು. ಬಂದವಳೇ ಸೊಪ್ಪು ಕತ್ತರಿಸಲು ಕುಳಿತಳು. ಆಮೇಲೆ ವಾರಕ್ಕೆ ಎರಡು ದಿನ, ಮೂರು ದಿನ ಉಪವಾಸ ಶುರು ಮಾಡಿದಳು. "ಎಂಥ ಭಕ್ತಿ ನೋಡು" ಎಂದು ಊರೆಲ್ಲ ಹೊಗಳಿತು. ನಾನೂ ಹೊಗಳಿದೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ನಮ್ಮ ಅತ್ತೆ ಅಶ್ವತ್ಥಮ್ಮ ಹುಳದ ಮನೆಯಿಂದ ಕೂಗಿಕೊಂಡರು. ಓಡಿದೆ. ಹುಳದ ಎರಡು ತಟ್ಟೆ ತುಂಬ ಇರುವೆ! ಹುಳಗಳೆಲ್ಲ ಸತ್ತು ಬಿದ್ದಿದ್ದವು. ಇರುವೆ ಹತ್ತಬಾರದೆಂದು ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟಿದ್ದೆವು. ಆದರೆ ಗೋಡೆಗೆ ಒರಗಿಸಿದ್ದ ಚಂದ್ರಿಕೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ, ಸ್ಟ್ಯಾಂಡಿಗೆ ತಾಗಿತ್ತು. ಅದೇ ದಾರಿಯಾಗಿ ಇರುವೆ ಸಾಲುಗಟ್ಟಿ ಬಂದಿತ್ತು. ತಟ್ಟೆಗಳ ಹಿಂದೆ ಒಂದು ಡಬ್ಬ. ಒಳಗೆ ಬೆಲ್ಲ, ಹುರಿಗಡಲೆ.

"ಯಾವಳೇ ಇದನ್ನ ಇಲ್ಲಿ ಬಚ್ಚಿಟ್ಟೋಳು?"

"ನಾನೇ ಅತ್ತೆ" ಎಂದಳು ಅಕ್ಕ.

ಅತ್ತೆಯ ಬಾಯಿಗೆ ಆ ದಿನ ಬೀಗವೇ ಇರಲಿಲ್ಲ. ಅಕ್ಕ, "ಈ ಮನೇಲಿ ಉಣ್ಣೋ ಯೋಗ್ಯತೆ ನನಗಿಲ್ಲ" ಎಂದಳು. ಎರಡು ದಿನ ಒಂದು ತುತ್ತೂ ಮುಟ್ಟಲಿಲ್ಲ. ಮೂರನೇ ಬೆಳಿಗ್ಗೆ ಸೊಪ್ಪಿನ ತೋಟದಲ್ಲಿ ತಲೆ ತಿರುಗಿ ಬಿದ್ದಳು. ಇವಳನ್ನು ಕಳೆದುಕೊಂಡುಬಿಡುತ್ತೇವೆ ಅನ್ನಿಸಿತು.

ಪುಣ್ಯಕ್ಕೆ ಅವತ್ತು ಬುಧವಾರ. ನರ್ಸು ಶಾಮಲಮ್ಮ ಮಕ್ಕಳಿಗೆ ಸೂಜಿ ಹಾಕಲು ಬಸ್ಸಿನಲ್ಲಿ ಬರುವ ದಿನ. ಅಕ್ಕನಿಗೆ ಮಜ್ಜಿಗೆ ಕುಡಿಸಿ, ನಾಡಿ ನೋಡಿ, ಪಕ್ಕದಲ್ಲೇ ಕುಳಿತರು.

"ಯಾಕಮ್ಮ, ಉಂಡು ಎಷ್ಟು ದಿನ ಆಯ್ತು?"

"ಉಣ್ಣಲ್ಲ ನರ್ಸಮ್ಮ, ಕದ್ದು ತಿಂತಾಳೆ" ಎಂದರು ಅತ್ತೆ. "ಅರ್ಧ ಡಬ್ಬ ಒಂದೇ ಸಲಕ್ಕೆ! ಹೊಟ್ಟೆಬಾಕತನ ಅಲ್ದೆ ಇನ್ನೇನು?"

"ನಿಜ ಸಿಸ್ಟರ್" ಎಂದಳು ಅಕ್ಕ. "ಹಸಿವಿಲ್ದಿದ್ರೂ ತಿಂತೀನಿ. ನಿಲ್ಸಕ್ಕೇ ಆಗಲ್ಲ. ತಿಂದಾದ್ಮೇಲೆ ನನ್ ಮೇಲೆ ನನಗೇ ಅಸಹ್ಯ. ಅದಕ್ಕೆ ಮಾರನೇ ದಿನ ಉಪವಾಸ. ಅದರ ಮಾರನೇ ದಿನ ಮತ್ತೆ ಡಬ್ಬಕ್ಕೆ ಕೈ ಹೋಗುತ್ತೆ."

"ಯಾವಾಗಿಂದ ಹಿಂಗೆ?"

"ಅಪ್ಪ ಹೋದಾಗಿಂದ. ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ವು. ಅಳೋದಕ್ಕೂ ಪುರುಸೊತ್ತು ಸಿಗ್ಲಿಲ್ಲ."

ಹುಳ ಪೊರೆ ಬಿಡುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ಆಗ ಮನೆಬಿಟ್ಟು ಕದಲುವಂತಿಲ್ಲ.

ಶಾಮಲಮ್ಮ ಅತ್ತೆಯ ಕಡೆ ತಿರುಗಿದರು. "ಅಶ್ವತ್ಥಮ್ಮನೋರೇ, ಮೇಯೋ ಹುಳಕ್ಕೆ ಒಂದು ದಿನ ಸೊಪ್ಪೇ ಹಾಕ್ದೆ, ಮಾರನೇ ದಿನ ರಾಶಿ ಸುರಿದ್ರೆ ಏನಾಗುತ್ತೆ?"

"ಅಯ್ಯೋ ದೇವುಡಾ! ರೋಗ ಬಂದು ಸಾಯ್ತಾವೆ ಅಷ್ಟೆ."

"ಹುಳಕ್ಕಿರೋ ನ್ಯಾಯ ಸೊಸೆಗೆ ಯಾಕಿಲ್ಲ? ಇದು ಹೊಟ್ಟೆಬಾಕತನ ಅಲ್ಲಮ್ಮ. ಮನಸ್ಸಿಗೆ ನೋವಾಗಿದೆ, ಮೇಲೆ ಹೊತ್ತಿಗೆ ಸರಿಯಾಗಿ ಊಟ ಇಲ್ಲ. ಎರಡೂ ಸೇರಿ ಕೈನ ಡಬ್ಬಕ್ಕೆ ಎಳೀತಾವೆ. ಉಪವಾಸ ಮಾಡಿದಷ್ಟೂ ಎಳೆತ ಜಾಸ್ತಿ."

"ನಾವೂ ಹಂಗೇ ಉಂಡು ಸಂಸಾರ ಮಾಡ್ಲಿಲ್ವಾ? ನಮಗೇನಾಯ್ತು?" ಎಂದರು ಅತ್ತೆ. ಸುಲಭಕ್ಕೆ ಸೋಲುವವರಲ್ಲ ಅವರು.

"ಏನೂ ಆಗ್ಲಿಲ್ವಾ? ಯೋಚ್ನೆ ಮಾಡಿ" ಎಂದಷ್ಟೇ ಹೇಳಿ ಶಾಮಲಮ್ಮ ಬಸ್ಸಿಗೆ ಹೊರಟರು. ಹೋಗುವಾಗ ಅಕ್ಕನಿಗೆ, "ಮತ್ತೆ ಯಾವತ್ತಾದ್ರೂ ಜಾಸ್ತಿ ತಿಂದ್ಬಿಟ್ರೆ ಬೈಕೋಬೇಡ, ಉಪವಾಸ ಮಾಡ್ಬೇಡ. ಮುಂದಿನ ಹೊತ್ತಿನ ಊಟ ಮಾಮೂಲಿನಂಗೆ ಮಾಡು. ಎದೆ ಭಾರ ಆದಾಗ ಯಾರ ಹತ್ರಾನಾದ್ರೂ ಮಾತಾಡು" ಎಂದರು.

ಸಂಜೆ ನಾಲ್ಕರ ಸೊಪ್ಪು ಹಾಕಿ ಅಕ್ಕ ಹೊರಗೆ ಬಂದಳು. ಅಡುಗೆಮನೆಯಲ್ಲಿ ಅತ್ತೆ ಎರಡು ತಟ್ಟೆ ಹಾಕಿಕೊಂಡು ಕುಳಿತಿದ್ದರು. ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಗಂಡಸರು ಇನ್ನೂ ಹೊಲದಿಂದ ಬಂದಿರಲಿಲ್ಲ.

"ಸೊಪ್ಪು ಹಾಕಿದ್ಯಾ? ಕೂತ್ಕೊ."

"ಅವರೆಲ್ಲ ಬರ್ಲಿ ಅತ್ತೆ."

"ಕೂತ್ಕೊಳೇ ಅಂದೆ." ಅತ್ತೆ ತಲೆ ಎತ್ತಲಿಲ್ಲ. "ನನ್ ಮೊದಲ್ನೇ ಮಗು ಹೋಯ್ತಲ್ಲ, ಆಗ ನಾನು ಕತ್ತಲೆ ಕೋಣೇಲಿ ನಿಂತು ಹಸಿ ಅಕ್ಕಿ ಮುಕ್ಕುತಿದ್ದೆ ಕಣೇ. ಮುಷ್ಟಿ ಮುಷ್ಟಿ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನನಗೂ ಏನೋ ಆಗಿತ್ತು."

ಅಕ್ಕ ಅಲ್ಲೇ ಕುಸಿದು ಕುಳಿತಳು. ಅಪ್ಪಾ, ಅಪ್ಪಾ ಎಂದು ಬಿಕ್ಕಿ ಬಿಕ್ಕಿ ಅತ್ತಳು. ತಂದೆ ಹೋಗಿ ನಾಲ್ಕು ತಿಂಗಳಾದ ಮೇಲೆ ಅವಳು ಅತ್ತದ್ದು ಅದೇ ಮೊದಲು. ಅತ್ತೆ ಅವಳ ಬೆನ್ನು ಸವರಿ, ಮುದ್ದೆ ಮುರಿದು ತಾವೇ ಅವಳ ಬಾಯಿಗಿಟ್ಟರು.

ಮಾರನೇ ದಿನವೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಎರಡು ಸಲ ಅಕ್ಕನ ಕೈ ಮೀರಿತು. ಆದರೆ ಬೈಯುವವರಿರಲಿಲ್ಲ, ಉಪವಾಸವೂ ಇರಲಿಲ್ಲ. ಆ ಡಬ್ಬ ಅಡುಗೆಮನೆಯ ಗೂಡಿಗೆ, ಎಲ್ಲರ ಕಣ್ಣೆದುರಿಗೆ ಬಂತು. ಸಂಜೆ ಕಾಫಿಗೆ ಮೂವರೂ ಕುಳಿತು ಅದರಿಂದಲೇ ಬೆಲ್ಲ, ಕಡಲೆ ತಿನ್ನುತ್ತಿದ್ದೆವು. ಅತ್ತೆ ಈಗಿಲ್ಲ. ಆ ಡಬ್ಬ ನನ್ನ ಹತ್ತಿರವೇ ಇದೆ.

ಅಕ್ಕತಂಗಿಯರೇ, ದುಃಖಕ್ಕೋ ಚಿಂತೆಗೋ ಮಿತಿಮೀರಿ ತಿಂದರೆ ಅದು ಪಾಪವಲ್ಲ. ನಿಮ್ಮನ್ನು ಉಪವಾಸ ಕೆಡವಿ ಶಿಕ್ಷೆ ಕೊಟ್ಟುಕೊಳ್ಳಬೇಡಿ. ಮೇಲಿಂದ ಮೇಲೆ ಹಾಗಾಗುತ್ತಿದ್ದರೆ ಆಸ್ಪತ್ರೆಯಲ್ಲಿ ನಾಚಿಕೆ ಬಿಟ್ಟು ಹೇಳಿ. ನಿಮ್ಮ ಮನೆಯಲ್ಲಿ ಬಚ್ಚಿಟ್ಟ ಡಬ್ಬವೊಂದು ಸಿಕ್ಕರೆ, ಯಾರದೆಂದು ಕೂಗಾಡಬೇಡಿ. ಎರಡು ತಟ್ಟೆ ಹಾಕಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಊಟಕ್ಕೆ ಕುಳಿತುಕೊಳ್ಳಿ.