ಹಿಂತಿರುಗುವ ಮುದ್ರೆ

“ಅಂಕಲ್, ಇದ್ರಲ್ಲಿ ರೀ-ಎಂಟ್ರಿ ಸ್ಟ್ಯಾಂಪೇ ಇಲ್ವಲ್ಲ?” ಎನ್ನುತ್ತ ಧನ್ಯಶ್ರೀ ಪಾಸ್‌ಪೋರ್ಟಿನ ಹಾಳೆಗಳನ್ನು ಮತ್ತೆ ಮೊದಲಿನಿಂದ ತಿರುವತೊಡಗಿದಳು.

ಜಂಬಣ್ಣ ಕುರ್ಚಿಯಿಂದ ಮುಂದೆ ಬಾಗಿದರು. ನವರಂಗ್ ಹತ್ತಿರದ ಸೀರೆ ಅಂಗಡಿಯ ಮಹಡಿಯಲ್ಲಿದ್ದ ಆ ಟ್ರಾವೆಲ್ ಆಫೀಸಿಗೆ ಅವರು ಬಂದಿದ್ದು ವಾಪಸ್ ಹೋಗುವ ಟಿಕೆಟ್ ಮಾಡಿಸಲು. ಅಷ್ಟೇ ಕೆಲಸ, ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದರು.

“ವೀಸಾ ಮುಂದಿನ ಫೆಬ್ರವರಿವರೆಗೂ ಇದೆಯಲ್ಲಮ್ಮ. ರಿಟೈರ್‌ಮೆಂಟ್ ವೀಸಾ. ಅಲ್ಲೇ ಬರ್ದಿದೆ ನೋಡು.”

“ಇದೆ ಅಂಕಲ್. ಆದ್ರೆ ಅದು ನೀವು ಥಾಯ್ಲೆಂಡ್ ಒಳಗಡೆ ಇರೋವರೆಗೂ ಮಾತ್ರ. ಹೊರಗೆ ಬರೋಕ್ಮುಂಚೆ, ವಾಪಸ್ ಬರ್ತೀನಿ ಅಂತ ಒಂದು ಪರ್ಮಿಟ್ ಹಾಕಿಸ್ಕೋಬೇಕಿತ್ತು. ಏರ್‌ಪೋರ್ಟಲ್ಲೇ ಕೌಂಟರ್ ಇರುತ್ತೆ. ಅದಿಲ್ದೆ ಹೊರಟ್ರೆ, ಹೊರಟ ದಿನಾನೇ ವೀಸಾ ಕ್ಯಾನ್ಸಲ್.”

“ಅಂದ್ರೆ ನಾನು ಹೋಗೋಕಾಗಲ್ವಾ?”

“ಟೂರಿಸ್ಟ್ ಥರ ಹೋಗ್ಬರ್ಬಹುದು. ಅಲ್ಲೇ ವಾಸ ಇರ್ತೀನಿ ಅಂದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು. ಪೊಲೀಸ್ ಸರ್ಟಿಫಿಕೇಟು, ಮೆಡಿಕಲ್ಲು, ಇನ್ಶೂರೆನ್ಸು, ಬ್ಯಾಂಕ್ ಪೇಪರ್ಸು ಎಲ್ಲಾ. ತಿಂಗಳುಗಟ್ಲೆ ಹಿಡಿಯುತ್ತೆ.”

ಜಂಬಣ್ಣ ಗೋಡೆಯ ಮೇಲಿದ್ದ ಕಡಲತೀರದ ಚಿತ್ರವನ್ನು ನೋಡುತ್ತ ಹೇಳಿದರು: “ನನ್ನ ಹೆಂಡತಿ ಅಲ್ಲೇ ಇದಾಳಮ್ಮ.”

“ಹೌದಾ? ಹಾಗಾದ್ರೆ ಆಂಟಿ ವೀಸಾನೂ ನೋಡ್ಬೇಕು ಅಂಕಲ್. ನಿಮ್ಮ ಮೇಲೆ ಡಿಪೆಂಡೆಂಟ್ ಆಗಿದ್ರೆ ಅವರದ್ದಕ್ಕೂ ತೊಂದ್ರೆ ಆಗುತ್ತೆ.”

“ಅವಳಿಗಿನ್ನು ವೀಸಾ ಬೇಕಾಗಿಲ್ಲ.”

ಧನ್ಯಶ್ರೀಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವಳು ಪಾಸ್‌ಪೋರ್ಟನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟಳು.

ಜಂಬಣ್ಣ ಆಟೊ ಹಿಡಿಯದೆ ಹಾವನೂರು ಸರ್ಕಲ್ಲಿನ ಕಡೆಗೆ ನಡೆದರು. ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿ ನಿವೃತ್ತರಾದ ಮೇಲೆ ಅವರು ಜಗದಾಂಬಾಳೊಂದಿಗೆ ಹುವಾ ಹಿನ್ ಎಂಬ ಕಡಲೂರಿಗೆ ಹೋಗಿ ನೆಲೆಸಿದ್ದರು. ಹೋಗೋಣ ಎಂದವಳು ಅವಳೇ. ವೀಸಾ ನಿಯಮ ಓದಿದವಳು, ವರ್ಷಕ್ಕೊಮ್ಮೆ ನವೀಕರಿಸಲು ಸರದಿಯಲ್ಲಿ ನಿಂತವಳು, ನಾವು ಇದೇ ವಿಳಾಸದಲ್ಲಿದ್ದೇವೆ ಎಂದು ಮೂರು ತಿಂಗಳಿಗೊಮ್ಮೆ ಅಲ್ಲಿನ ಕಚೇರಿಗೆ ತಿಳಿಸುತ್ತಿದ್ದವಳು ಎಲ್ಲ ಅವಳೇ. ಊರಿಗೆ ಬರುವಾಗ ಬ್ಯಾಂಕಾಕಿನ ವಿಮಾನ ನಿಲ್ದಾಣದಲ್ಲಿ “ಇಲ್ಲೇ ಬ್ಯಾಗ್ ನೋಡ್ಕೊಂಡಿರಿ, ಬಂದೆ” ಎಂದು ಒಂದು ಕಿಟಕಿಯ ಕಡೆ ಹೋಗುತ್ತಿದ್ದಳು. ಅಲ್ಲಿ ಏನು ಮಾಡುತ್ತಾಳೆಂದು ಅವರು ಕೇಳಿದವರಲ್ಲ. ಸ್ವಲ್ಪ ಹೊತ್ತಿಗೆ ಬಂದು, “ನಡೀರಿ, ಆಯ್ತು” ಎನ್ನುತ್ತಿದ್ದಳು.

ಕಳೆದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ವಾರದೊಳಗೆ ತೀರಿಕೊಂಡಳು. ಅಲ್ಲಿ ಸುಡುವ ಪದ್ಧತಿ. ತಮ್ಮದು ಹೂಳುವ ಪದ್ಧತಿ ಎಂದು ಜಂಬಣ್ಣ ಕೈಸನ್ನೆಯಲ್ಲೇ ತಿಳಿಸಿ ಅಲೆದಾಡಿದಾಗ, ಒಂದು ಸಣ್ಣ ಚರ್ಚಿನ ಪಾದ್ರಿ ತಮ್ಮ ಸ್ಮಶಾನದ ಮೂಲೆಯೊಂದನ್ನು ಬಿಟ್ಟುಕೊಟ್ಟರು. ಜಂಗಮರಿಲ್ಲ, ಮಂತ್ರ ಹೇಳುವವರಿಲ್ಲ. ಜಂಬಣ್ಣನವರೇ ಅವಳ ಹಣೆಗೆ ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಬೆರಳು ಮಡಿಸಿದರು. ಅವಳಿಗೆ ಮೀನು ಮಾರಲು ಬಂದು ಸೋತು, ಕೊನೆಗೆ ಗೆಳತಿಯಾಗಿದ್ದ ಪಕ್ಕದ ಬೀದಿಯ ಹೆಂಗಸು ಮೊದಲ ಹಿಡಿ ಮಣ್ಣು ಹಾಕಿ ಅತ್ತಳು. ಅಂದಿನಿಂದ ಬೆಳಗಿನ ನಡಿಗೆ ಎಂದರೆ ಜಂಬಣ್ಣನವರಿಗೆ ಆ ಮೂಲೆಗೆ ಹೋಗಿ ಬರುವುದು.

ಅಣ್ಣ ಕೊಟ್ರಪ್ಪನಿಗೆ ಹೃದಯಾಘಾತವಾಯಿತೆಂದು ಫೋನು ಬಂದಾಗ ಅವರು ಸಿಕ್ಕ ವಿಮಾನ ಹಿಡಿದರು. ಯಾವ ಕಿಟಕಿಯೂ ನೆನಪಾಗಲಿಲ್ಲ. ಬಸವೇಶ್ವರನಗರದ ಮನೆ ತಲುಪಿದಾಗ ಅಣ್ಣನನ್ನು ಹಜಾರದಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಕೊರಳಲ್ಲಿ ಹೂವಿನ ಹಾರ.

ವಿಷಯ ಕೇಳಿದ ಕೊಟ್ರಪ್ಪನ ಮಗ ಬಸವಕುಮಾರ್ ಮುಚ್ಚುಮರೆಯಿಲ್ಲದೆ ಸಂತೋಷಪಟ್ಟ. ಕಾಮಾಕ್ಷಿಪಾಳ್ಯದಲ್ಲಿ ಅವನದೊಂದು ಲೇತ್ ಶೆಡ್ಡಿತ್ತು. ಅಪ್ಪ ಹೋದ ಮೇಲೆ ಮನೆಯಲ್ಲಿ ಹಿರಿಯರೊಬ್ಬರು ಇರಲಿ ಎಂಬ ಆಸೆ ಅವನಿಗೆ.

“ಒಳ್ಳೇದೇ ಆಯ್ತು ಬಿಡಿ ಚಿಕ್ಕಪ್ಪ,” ಎಂದ ಊಟಕ್ಕೆ ಕೂತಾಗ. “ಅಲ್ಲಿ ನಿಮಗ್ಯಾರಿದಾರೆ? ಮೇಲಿನ ರೂಮ್ ಖಾಲಿ ಇದೆ. ಚಿಕ್ಕಮ್ಮನ ಹತ್ರದಿಂದ ಒಂದು ಹಿಡಿ ಮಣ್ಣು ತರ್ಸೋಣ. ಸುಂಕದಕಟ್ಟೆ ಆಚೆ ಅಪ್ಪನ ಪಕ್ಕದಲ್ಲೇ ಜಾಗ ಇದೆ. ಅಲ್ಲೇ ಒಂದು ಗದ್ದುಗೆ ಕಟ್ಸೋಣ. ಬೇಕಾದಾಗ ಹೋಗ್ಬರ್ಬಹುದು.”

ಜಂಬಣ್ಣ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ಅವಳು ಇಲ್ಲಿಗೆ ಬರಲ್ಲ ಕಣೋ.”

“ಬರಲ್ಲ ಅಂದ್ರೆ?”

“ಬರಲ್ಲ ಅಷ್ಟೇ.”

ಬಡಿಸುತ್ತಿದ್ದ ಅತ್ತಿಗೆ, ಕೊಟ್ರಪ್ಪನ ಹೆಂಡತಿ ಮುತ್ತವ್ವ, ಪಲ್ಯದ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಯಾರ ತಟ್ಟೆಗೂ ಹಾಕದೆ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಜಂಬಣ್ಣ ತಾರಸಿಯಲ್ಲಿ ಕೂತಿದ್ದಾಗ ಮುತ್ತವ್ವ ಒಣಗಿಸಲು ಬಟ್ಟೆಯ ಬಕೆಟ್ ಹೊತ್ತು ಬಂದಳು. ಕೊಟ್ಟೂರು ಸೀಮೆಯಿಂದ ಸೊಸೆಯಾಗಿ ಬಂದು ದಶಕಗಳಾದರೂ ಅವಳ ಮಾತು ಬೆಂಗಳೂರಿನದಾಗಿರಲಿಲ್ಲ. ಎರಡು ಬಟ್ಟೆ ಹರವಿ, ಬೆನ್ನು ಮಾಡಿಕೊಂಡೇ ಕೇಳಿದಳು.

“ತೊಟ್ಲು ದಿನದ್ದು ಹೇಳಿದ್ಲೇನು ನಿಂಗೆ?”

ತೊಟ್ಟಿಲ ದಿನವೆಂದರೆ ಬಸವಕುಮಾರನ ಮಗಳ ನಾಮಕರಣದ ದಿನ. ಕೂಸನ್ನು ಎತ್ತಿಕೊಂಡು ತೊಟ್ಟಿಲ ಬಳಿ ಬಂದಿದ್ದ ಜಗದಾಂಬಾಳ ಕೈಯಿಂದ ಮುತ್ತವ್ವ ಅದನ್ನು ಮೆಲ್ಲಗೆ ತೆಗೆದುಕೊಂಡು, “ನೀ ಬ್ಯಾಡ ಬಿಡು, ಒಳಗೆ ಪಾಯ್ಸ ನೋಡ್ಹೋಗು” ಎಂದಿದ್ದಳು. ಮಕ್ಕಳಿಲ್ಲದ ಜಗದಾಂಬಾ ಒಳಗೆ ಹೋಗಿ ಪಾಯಸ ನೋಡಿದಳು. ಎಲ್ಲರಿಗೂ ಅವಳೇ ಬಡಿಸಿದಳು. ಮನೆಗೆ ಬಂದ ಮೇಲೂ ಏನೂ ಹೇಳಲಿಲ್ಲ. ಕೆಲವು ತಿಂಗಳ ನಂತರ, ನಮ್ಮ ಪರಿಚಯ ಯಾರಿಗೂ ಇಲ್ಲದ ಊರಲ್ಲಿ ಇರಬಹುದಾ ಎಂದು ಒಂದು ಸಂಜೆ ಕೇಳಿದ್ದಳು. ಜಂಬಣ್ಣ ಆ ದಿನ ಹಜಾರದಲ್ಲೇ ಕೂತಿದ್ದರು. ಎಲ್ಲವನ್ನೂ ನೋಡಿದ್ದರು.

“ಹೇಳ್ಲಿಲ್ಲ ಅತ್ತಿಗೆ,” ಎಂದರು ಜಂಬಣ್ಣ. “ಯಾವತ್ತೂ ಹೇಳ್ಲಿಲ್ಲ.”

ಮುತ್ತವ್ವ ಟವೆಲ್ಲನ್ನು ಝಾಡಿಸಿ ತಂತಿಗೆ ಹಾಕಿದಳು. “ಮೊನ್ನೆ ಎದುರು ಮನೇರು ಅರಿಶಿಣ ಕುಂಕುಮಕ್ಕೆ ಕರಿಯಾಕೆ ಬಂದಿದ್ರು. ಮೊದ್ಲೆಲ್ಲಾ ನನ್ನೇ ಕೂಗ್ಕೊಂಡು ಬರ್ತಿದ್ರು, ಮುತ್ತಕ್ಕಾ ಅಂತ. ಈ ಸಲ ನಾನು ಬಾಗ್ಲಾಗೇ ನಿಂತಿದ್ದೆ. ಸೊಸೆ ಎಲ್ಲಿ ಅಂದ್ರು. ಅವ್ಳಿಗೆ ಹೇಳಿ ಹೋದ್ರು.” ಅವಳು ತಂತಿಗೆ ಕ್ಲಿಪ್ಪು ಸಿಕ್ಕಿಸಿದಳು. “ತಪ್ಪು ಮಾತು ಒಂದೂ ಆಡ್ಲಿಲ್ಲ ಅವ್ರು. ನಗ್ತಾನೇ ಇದ್ರು. ತೊಟ್ಲು ದಿನ ನಾನೂ ಹಂಗೇ ನಕ್ಕೊಂತ ಹೇಳಿದ್ದೆ ಅವ್ಳಿಗೆ.”

ಕೆಳಗೆ ಗೇಟಿನ ಬಳಿ ಹಾಲಿನವನು ಹಾರ್ನ್ ಮಾಡಿದ. ಇಬ್ಬರೂ ಕೆಳಗೆ ಹೋಗಲಿಲ್ಲ.

“ನೀ ಹೋಗು ಜಂಬಣ್ಣ. ಏನೇನು ಮಾಡ್ಸಬೇಕೋ ಮಾಡ್ಸು. ಬಸ್ಯಾಗೆ ನಾ ಹೇಳ್ತೀನಿ.”

“ನಿಮ್ಮನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಅತ್ತಿಗೆ. ಅಲ್ಲಿ ಅವಳನ್ನ ಬಿಟ್ಟಿರೋಕೂ ಆಗ್ತಿಲ್ಲ.”

“ನಂಗೆ ಮಗ ಐದಾನೆ, ಸೊಸೆ ಐದಾಳೆ. ಅವ್ಳಿಗ್ಯಾರು ಐದಾರೆ ಅಲ್ಲಿ?” ಎಂದಳು ಮುತ್ತವ್ವ. ಖಾಲಿ ಬಕೆಟ್ ಎತ್ತಿಕೊಂಡು ಮೆಟ್ಟಿಲಿಳಿದಳು.

ಜಂಬಣ್ಣ ಅಂದೇ ಧನ್ಯಶ್ರೀಗೆ ಫೋನ್ ಮಾಡಿದರು. ಮುಂದಿನ ದಿನಗಳು ಓಡಾಟದಲ್ಲಿ ಕಳೆದವು. ಪೊಲೀಸ್ ಠಾಣೆಯಲ್ಲಿ, ಈ ವಯಸ್ಸಲ್ಲಿ ಅಲ್ಲಿಗ್ಯಾಕೆ ಹೋಗ್ತೀರಾ ಸಾರ್ ಎಂದು ಕೇಳಿದರು. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಹಿಂದೆ ಜಗದಾಂಬಾ ಒಬ್ಬಳೇ ಇದನ್ನೆಲ್ಲ ಮಾಡಿದ್ದಳು ಎಂಬುದು ಒಂದೊಂದು ಸಾಲಿನಲ್ಲಿ ನಿಂತಾಗಲೂ ಅವರಿಗೆ ಹೊಸದಾಗಿ ತಿಳಿಯುತ್ತಿತ್ತು. ಬಸವಕುಮಾರ್ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ತಾನೇ ಬೈಕಿನಲ್ಲಿ ಬ್ಯಾಂಕಿಗೆ ಬಿಟ್ಟು, “ಈ ಸಲನಾದ್ರೂ ಆ ಸ್ಟ್ಯಾಂಪ್ ಹಾಕಿಸ್ಕೊಂಡು ಬನ್ನಿ ಚಿಕ್ಕಪ್ಪ. ಬರ್ತಾ ಹೋಗ್ತಾ ಇರಿ” ಎಂದ.

ಅರ್ಜಿಗೆ ಸಹಿ ಹಾಕಲು ಹೋಗುವ ದಿನ ಮುತ್ತವ್ವ ತಾನೂ ಬರುತ್ತೇನೆಂದು ಆಟೊ ಹತ್ತಿದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಧನ್ಯಶ್ರೀಯ ಎದುರು ಕೂತಳು. ಜಂಬಣ್ಣ ಸಹಿ ಮಾಡಿ ಮುಗಿಸಿದ ಮೇಲೆ ಕೇಳಿದಳು.

“ಅಲ್ಲಮ್ಮ, ನೋಡ್ಕೊಂಡು ಬರಾಕೆ ಅಂತ ಹೋಗೋರಿಗೆ ಇಷ್ಟೆಲ್ಲಾ ಬೇಕೇನು?”

“ಇಲ್ಲ ಅಜ್ಜಿ, ಸ್ವಲ್ಪ ದಿನಕ್ಕೆ ಅಂದ್ರೆ ಈಸಿ. ಯಾರು ಹೋಗೋದು?”

“ನಾನೇ.”

ಜಂಬಣ್ಣ ಪೆನ್ನು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದರು. ಅವಳು ಅವರತ್ತ ನೋಡಲಿಲ್ಲ.

“ಪಾಸ್‌ಪೋರ್ಟ್ ಇದೆಯಾ ಅಜ್ಜಿ?”

“ಎಲ್ಲಿಂದ ಬರ್ಬೇಕು? ಶ್ರೀಶೈಲ ಬಿಟ್ರೆ ನಾ ಎಲ್ಲೂ ಹೋದೋಳಲ್ಲ. ಅದ್ನೂ ಮಾಡ್ಸಿ ಕೊಡವ್ವ.”

ಹೊರಗೆ ಬಂದ ಮೇಲೆ ಜಂಬಣ್ಣ, “ಅಲ್ಲಿ ಏನೂ ಇಲ್ಲ ಅತ್ತಿಗೆ. ಬರೀ ಮಣ್ಣು, ಒಂದು ಕಲ್ಲು” ಎಂದರು.

“ಇರ್ಲಿ ಬಿಡು,” ಎಂದಳು ಮುತ್ತವ್ವ. “ಅವ್ಳ ಮುಂದೆ ಒಂದೀಟು ಕೂತು ಬರ್ತೀನಿ.”

ಪಾಸ್‌ಪೋರ್ಟ್ ಕಚೇರಿಯಲ್ಲಿ ಅವಳ ಸರದಿ ಬಂದಾಗ ಮಧ್ಯಾಹ್ನ ಸಮೀಪಿಸಿತ್ತು. ವಯಸ್ಸಾದವಳೆಂದು ಜಂಬಣ್ಣನವರನ್ನೂ ಜೊತೆಗೆ ಬಿಟ್ಟರು. ಕೌಂಟರಿನ ಹುಡುಗಿ ಬೆರಳಚ್ಚು ತೆಗೆದುಕೊಂಡು, ಬಿಳಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಅವಳನ್ನು ಕೂರಿಸಿದಳು. ಕಂಪ್ಯೂಟರ್ ನೋಡಿ ತಲೆಯಾಡಿಸಿದಳು.

“ಅಜ್ಜಿ, ನಿಮ್ಮ ಸೀರೆ ಬಿಳಿ, ಹಿಂದ್ಗಡೆನೂ ಬಿಳಿ. ಬರೀ ಮುಖ ಬರ್ತಿದೆ. ಡಾರ್ಕ್ ಕಲರ್‌ದು ಏನಾದ್ರೂ ಇದ್ರೆ ಹಾಕ್ಕೊಳ್ಳಿ.”

ಮುತ್ತವ್ವ ತನ್ನ ಸೀರೆಯನ್ನು ನೋಡಿಕೊಂಡಳು. ಜಂಬಣ್ಣ ತಾವು ತೊಟ್ಟಿದ್ದ ಕಡುನೀಲಿ ಸ್ವೆಟರ್ ಬಿಚ್ಚಿ, ಅವಳ ಒಂದೊಂದೇ ಕೈಯನ್ನು ತೋಳಿಗೆ ತೂರಿಸಿ, ಗುಂಡಿ ಹಾಕಿದರು. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು.

“ಕನ್ನಡಕನೂ ತೆಗೀರಿ ಅಜ್ಜಿ. ಇಲ್ಲಿ ನೋಡಿ. ಅಲ್ಲಲ್ಲ, ಈ ಕಡೆ.”

ಕನ್ನಡಕವಿಲ್ಲದೆ ಮುತ್ತವ್ವನಿಗೆ ಕ್ಯಾಮೆರಾ ಕಾಣಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ರೆಪ್ಪೆ ಮಿಟುಕಿಸದೆ ನೆಟ್ಟಗೆ ಕೂತಳು.