ಒಳಹೊಲಿಗೆಯಲ್ಲಿ ಒಂದು ತೊಟ್ಟು

ಮಗು ಹುಟ್ಟಿದ ಮನೆಗೆ ಹೋದವರು ಕೇಳಬೇಕಾದ ಮಾತು ಎರಡೇ. ತಾಯಿ ಹೇಗಿದ್ದಾಳೆ, ಮಗು ಹಾಲು ಕುಡಿಯುತ್ತಿದೆಯಾ. ಆದರೆ ನಮ್ಮ ಜನ ತೊಟ್ಟಿಲಿಗೆ ಬಗ್ಗುವ ಮೊದಲೇ ಕೇಳುವುದು, “ಬೆಳ್ಳಗಿದೆಯಾ?” ಎಂದು. ಮಗು ಏನು ಅಕ್ಕಿಯಾ, ಪಾಲಿಶ್ ನೋಡಿ ಕೊಳ್ಳುವುದಕ್ಕೆ?

ಒಂದು ಲಾಂಡ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳು ಎರಡನೇ ತರಗತಿ, ಅಪ್ಪನ ಬಣ್ಣ. ಅವಳ ತಮ್ಮ ಇನ್ನೂ ಅಂಬೆಗಾಲಿಡುವ ಕೂಸು, ಅಮ್ಮನ ಬಣ್ಣ. ಅಷ್ಟೇ ವಿಷಯ. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಬರೆಯುವ ಕರ್ಮ ಯಾರಿಗೂ ಇರಲಿಲ್ಲ. ಆದರೆ ಜನ ಬಿಡಬೇಕಲ್ಲ!

ತಮ್ಮನನ್ನು ಅಜ್ಜಿ ‘ಮುತ್ತು’ ಎಂದು ಕರೆಯುತ್ತಿದ್ದಳು. ಇವಳನ್ನು ‘ಕರಿಗುಂಡಿ’ ಎಂದು. ಗಿರಾಕಿಗಳ ಕೋಟಿನಿಂದ ಉದುರಿದ ಕಪ್ಪು ಗುಂಡಿಗಳನ್ನು ಡಬ್ಬಿಯಲ್ಲಿ ತುಂಬಿಡುವ ಮನೆಯಲ್ಲವೇ, ಹಾಗಾಗಿ ಆ ಹೆಸರು. ಅಜ್ಜಿ ಪ್ರೀತಿಯಿಂದಲೇ ಕರೆಯುತ್ತಿದ್ದಳು, ಸುಳ್ಳು ಹೇಳಬಾರದು. ಆದರೆ ಹುಡುಗಿಯ ಕಿವಿಗೆ ಮೊದಲು ಬೀಳುತ್ತಿದ್ದುದು ‘ಕರಿ’. ಪ್ರೀತಿ ಅದರ ಹಿಂದೆ ಎಲ್ಲೋ ಕುಂಟುತ್ತಾ ಬರುತ್ತಿತ್ತು.

ಗಿರಾಕಿಗಳದು ಇನ್ನೊಂದು ರಗಳೆ. ಬಟ್ಟೆ ಕೊಡಲು ಬಂದವರು ಬಟ್ಟೆ ಕೊಟ್ಟು ಹೋಗಬೇಕು ತಾನೇ? ಇಲ್ಲ.

“ಅಲ್ಲಪ್ಪಾ, ಗಂಡು ಬೆಳ್ಳಗೆ, ಹೆಣ್ಣು ಕಪ್ಪಗೆ. ಅದಲುಬದಲಾಗಿದ್ರೆ ಚೆನ್ನಾಗಿರ್ತಿತ್ತಲ್ಲ?”

ಅದಕ್ಕೆ ಅಪ್ಪನ ಹತ್ತಿರ ಉತ್ತರ ಮಡಿಕೆ ಹಾಕಿ ಇಟ್ಟಂತೆ ಸಿದ್ಧವಾಗಿರುತ್ತಿತ್ತು. “ಏನ್ಮಾಡೋದು ಸ್ವಾಮಿ, ಇವಳ ಮೇಲೆ ದೇವರು ಇಸ್ತ್ರಿ ಪೆಟ್ಟಿಗೆ ಇಟ್ಟೋನು, ಎತ್ತೋದು ಮರೆತುಬಿಟ್ಟ!”

ಗಿರಾಕಿ ನಗುತ್ತಿದ್ದ. ಅಪ್ಪ ನಗುತ್ತಿದ್ದ. ಇಸ್ತ್ರಿ ಮೇಜಿನ ಕೆಳಗೆ ಕೂತು ಹ್ಯಾಂಗರ್ ಜೋಡಿಸುತ್ತಿದ್ದ ಹುಡುಗಿ ನಗುತ್ತಿರಲಿಲ್ಲ. ಇಸ್ತ್ರಿ ಹೆಚ್ಚಾದ ಬಟ್ಟೆಯ ಗತಿ ಏನೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಒಂದು ಅಂಗಿಯ ಬೆನ್ನು ಸುಟ್ಟು ಕಂದಾದಾಗ ಅಪ್ಪ ಹಣೆ ಹಣೆ ಬಡಿದುಕೊಂಡಿದ್ದ. “ಹಾಳಾಯ್ತು! ಇನ್ನು ಇದು ನೆಲ ಒರೆಸೋಕೇ ಲಾಯಕ್ಕು!” ಹಾಗಾದರೆ ತಾನು? ತನ್ನನ್ನು ಯಾವುದಕ್ಕೆ ಇಟ್ಟುಕೊಂಡಿದ್ದಾರೆ?

ಶಾಲೆಯಲ್ಲಾದರೂ ನೆಮ್ಮದಿ ಇತ್ತೇ? ಅಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ. ಅದರಲ್ಲಿ ಬೇಯದ ಹಿಟ್ಟಿನಂಥ ಒಂದು ತೆಳು ಗುಲಾಬಿ ಪೆನ್ಸಿಲ್. ಎಲ್ಲರೂ ಅದನ್ನು ‘ಮೈಬಣ್ಣ’ ಎನ್ನುತ್ತಿದ್ದರು. ಅವಳು ಅದನ್ನು ತನ್ನ ಕೈಗೆ ಹಿಡಿದು ನೋಡಿದಳು. ಪಕ್ಕದವಳ ಕೈಗೆ ಹಿಡಿದಳು. ಮುಂದಿನ ಬೆಂಚಿನವನ ಕತ್ತಿಗೆ ಹಿಡಿದಳು. ಯಾರಿಗೂ ಹೊಂದಲಿಲ್ಲ.

“ಮಿಸ್, ಇದು ಯಾರ ಮೈ?” ಎಂದು ಕೇಳಿದಳು.

“ತಲೆಹರಟೆ ಮಾಡ್ಬೇಡ, ಎಲ್ಲರ ಹಾಗೆ ಬಣ್ಣ ಹಾಕು,” ಎಂದರು ಮಿಸ್.

ಪಕ್ಕದವಳು ಮೆಲ್ಲಗೆ ಅಂದಳು. “ನೀನು ನಮ್ಮ ಥರ ಅಲ್ಲ ಕಣೇ. ನೀನು ಬೇರೆ ದೇಶದೋಳು. ಸಿನಿಮಾದಲ್ಲಿ ಕಾಡಿನೋರು ಬರ್ತಾರಲ್ಲ, ಆ ಜಾತಿ.”

“ಯಾವ ದೇಶನೇ? ನಮ್ಮನೆ ನಿಮ್ಮ ಹಿಂದಿನ ಬೀದೀಲಿದೆ! ನಿಮ್ಮಪ್ಪನ ಪ್ಯಾಂಟು ನಮ್ಮಂಗಡೀಲೇ ನೇತಾಡ್ತಿದೆ!”

ತರಗತಿ ನಕ್ಕಿತು. ಪ್ಯಾಂಟಿಗೆ ನಕ್ಕಿತೋ ಇವಳಿಗೆ ನಕ್ಕಿತೋ, ಶಿಕ್ಷೆ ಮಾತ್ರ ಇವಳಿಗೇ ಆಯಿತು.

ಅದೇ ಸಂಜೆ ವಕೀಲರು ಅಂಗಡಿಗೆ ಬಂದರು. ಬಂದವರೇ ತಮ್ಮ ಕಪ್ಪು ಕೋಟನ್ನು ಮೇಜಿನ ಮೇಲೆ ಬಿಸಾಕಿದರು.

“ಏನಯ್ಯಾ ಇದು? ಒಗೆಯೋಕೆ ಕೊಟ್ಟರೆ ಬಣ್ಣಾನೇ ತೆಗೆದಿದ್ದೀಯ? ಭುಜ ನೋಡು, ಬೂದಿ ಆಗಿದೆ! ಕಪ್ಪು ಅಂದ್ರೆ ಕಪ್ಪಿರಬೇಕು. ಕಪ್ಪಿಗೇ ಕಣಯ್ಯಾ ಮರ್ಯಾದೆ!”

“ಬಿಸಿಲಿಗೆ ಹೋಗಿದೆ ಸ್ವಾಮಿ. ಮತ್ತೆ ಬಣ್ಣ ಕೂಡಿಸಿ ಕೊಡ್ತೀನಿ. ಕಾಡಿಗೆ ಥರ ಮಾಡ್ಕೊಡ್ತೀನಿ.”

“ಹಾಗೆ ಮಾಡು,” ಎಂದ ವಕೀಲರ ಕಣ್ಣು ಹುಡುಗಿಯ ಮೇಲೆ ಬಿತ್ತು. “ಇವಳು ನಿನ್ನ ಮಗಳಾ? ಅಯ್ಯೋ ಪಾಪ. ಇವಳಿಗೆ ಮಾತ್ರ ಬಣ್ಣ ಚೆನ್ನಾಗಿ ಕೂತುಬಿಟ್ಟಿದೆ!”

ಅಪ್ಪ ಎಂದಿನಂತೆ ಇಸ್ತ್ರಿ ಪೆಟ್ಟಿಗೆಯ ಜೋಕು ಹೇಳಿದ. ಹುಡುಗಿಗೆ ರೇಗಿಹೋಯಿತು. ಈ ದೊಡ್ಡವರಿಗೆ ತಲೆ ನೆಟ್ಟಗಿದೆಯಾ? ಕೋಟಿನ ಕಪ್ಪು ಹೋಯಿತು ಎಂದು ಬೈಗುಳ. ತನ್ನ ಕಪ್ಪು ಹೋಗಲಿಲ್ಲ ಎಂದು ‘ಅಯ್ಯೋ ಪಾಪ’. ಒಂದೇ ಬಾಯಿ, ಒಂದೇ ನಿಮಿಷ!

ಆದರೆ ಒಂದು ವಿಷಯ ಅವಳ ತಲೆಯಲ್ಲಿ ಉಳಿಯಿತು. ಬಣ್ಣ ಹೋಗುತ್ತದೆ. ಹೋಗುವಂತೆ ಮಾಡಬಹುದು.

ಅಪ್ಪ ಅದನ್ನು ಹೇಗೆ ಮಾಡುತ್ತಾನೆ ಎಂದು ಅವಳು ದಿನವೂ ನೋಡುತ್ತಿದ್ದಳು. ಕಲೆ ಬಿದ್ದ ಬಟ್ಟೆಯನ್ನು ಅಪ್ಪ ನೇರವಾಗಿ ಬ್ಲೀಚ್ ನೀರಿಗೆ ಹಾಕುತ್ತಿರಲಿಲ್ಲ. ಮೊದಲು ಬಟ್ಟೆಯನ್ನು ತಿರುಗಿಸಿ, ಯಾರ ಕಣ್ಣಿಗೂ ಬೀಳದ ಒಳಹೊಲಿಗೆ ಹುಡುಕಿ, ಅಲ್ಲಿ ಒಂದು ತೊಟ್ಟು ಮುಟ್ಟಿಸಿ ಕಾಯುತ್ತಿದ್ದ. ಬಟ್ಟೆ ತಡೆದರೆ ಮಾತ್ರ ಪೂರ್ತಿ ಮುಳುಗಿಸುವುದು. “ಒಳಹೊಲಿಗೆ ನೋಡ್ದೆ ಟಬ್ಬಿಗೆ ಹಾಕೋನು ಲಾಂಡ್ರಿಯವನೇ ಅಲ್ಲ,” ಎನ್ನುತ್ತಿದ್ದ.

ಅವಳು ಲಾಂಡ್ರಿಯವನ ಮಗಳು. ಒಳಹೊಲಿಗೆ ಹುಡುಕಿದಳು. ಮೈಯಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಯಾವುದು? ತೋಳಿನ ಮೇಲ್ಭಾಗ, ಅಂಗಿಯ ತೋಳಿನ ಒಳಗೆ. ಅಮ್ಮ ಕೂಸಿಗೆ ಹಾಲು ಕುಡಿಸುತ್ತಿದ್ದಾಗ, ಅಪ್ಪ ಬಟ್ಟೆ ತಲುಪಿಸಲು ಹೋಗಿದ್ದಾಗ, ಹುಡುಗಿ ಆ ಕೆಲಸ ಮಾಡಿಕೊಂಡಳು. ಮೇಲೊಂದು ಚಿಂದಿಯನ್ನೂ ಕಟ್ಟಿದಳು.

ಉರಿಯಿತು. ಬಟ್ಟೆಗೂ ಹೀಗೇ ಉರಿಯುತ್ತದೇನೋ, ಅದಕ್ಕೆ ಬಾಯಿಲ್ಲ ಅಷ್ಟೇ ಎಂದುಕೊಂಡಳು. ತುಟಿ ಕಚ್ಚಿ ಸಂಜೆಯವರೆಗೆ ತಡೆದಳು. ಚಿಂದಿ ಬಿಚ್ಚಿದಾಗ ಆ ಜಾಗ ಕೆಂಪಾಗಿತ್ತು. ಅವಳಿಗೆ ಖುಷಿಯೋ ಖುಷಿ. ಕೆಂಪು ಬಂತು ಎಂದರೆ ಕಪ್ಪು ಹೊರಟಿತು ಎಂದೇ ಅರ್ಥ! ಭಾನುವಾರ ಅಂಗಡಿಗೆ ರಜ. ದೊಡ್ಡ ಟಬ್ಬು ಖಾಲಿ ಇರುತ್ತದೆ. ಅಂದು ಪೂರ್ತಿ ಮುಳುಗುವುದು ಎಂದು ತೀರ್ಮಾನಿಸಿದಳು.

ಓದುತ್ತಿರುವವರೇ, ಮೈ ಜುಮ್ಮೆನ್ನಿಸಿತೇ? ಅನ್ನಿಸಲಿ.

ಶನಿವಾರ ನರ್ಸಮ್ಮ ಬಂದಳು. ಬೀದಿಯ ಮಕ್ಕಳಿಗೆ ಲಸಿಕೆ ಹಾಕುವ ದಿನ. ಲಾಂಡ್ರಿಯ ಮುಂದಿನ ಬೆಂಚೇ ಆಸ್ಪತ್ರೆ. ನರ್ಸಮ್ಮನ ಬಿಳಿ ಕೋಟು ಒಗೆಯುವುದೂ ಇದೇ ಅಂಗಡಿ. ಅವಳು ಬೆಂಚಿನ ಮೇಲೆ ಕೂತಾಗ ಅಪ್ಪ ಅವಳ ಇನ್ನೊಂದು ಕೋಟನ್ನು ಮೇಜಿನ ಮೇಲೆ ಹರಡಿ ಇಸ್ತ್ರಿ ಮಾಡುತ್ತಿದ್ದ.

“ಬಾ ಮರಿ, ತೋಳು ಮೇಲೆ ಮಾಡು.”

“ಬೇಡ.”

“ಚುಚ್ಚಿದ್ದೇ ಗೊತ್ತಾಗಲ್ಲ, ಬಾ.”

“ಚುಚ್ಚಿ, ಬೇಡ ಅನ್ನಲ್ಲ. ಈ ತೋಳು ಬೇಡ, ಆ ತೋಳಿಗೆ ಚುಚ್ಚಿ.”

ನರ್ಸಮ್ಮ ಮಕ್ಕಳ ಆಟ ಎಷ್ಟು ನೋಡಿಲ್ಲ! ಅಂಗಿಯ ತೋಳನ್ನು ಹಿಡಿದು ಮೇಲೆತ್ತಿಯೇಬಿಟ್ಟಳು. ಎತ್ತಿದ ಕೈ ಅಲ್ಲೇ ನಿಂತಿತು. ಚರ್ಮ ಗುಳ್ಳೆ ಎದ್ದು, ಒಡೆದು, ಹಸಿಯಾಗಿತ್ತು.

“ಅಕ್ಕಾ, ಇಲ್ಲಿ ಬನ್ನಿ! ಏನಿದು? ಬಿಸಿ ನೀರು ಬಿತ್ತಾ?”

ಅಮ್ಮ ಓಡಿ ಬಂದಳು. ಅಜ್ಜಿ ಕೂಸನ್ನು ಎತ್ತಿಕೊಂಡು ಬಂದಳು. ಎಲ್ಲರೂ ಒಟ್ಟಿಗೆ ಕೂಗಿದರು. ಹುಡುಗಿಗೆ ಬೇಸರವಾಯಿತು. ಇಷ್ಟು ದೊಡ್ಡವರಾಗಿ ಇದೂ ತಿಳಿಯುವುದಿಲ್ಲವಲ್ಲ!

“ಬಿಸಿ ನೀರಲ್ಲ, ಬ್ಲೀಚು. ಒಳಹೊಲಿಗೇಲಿ ನೋಡ್ದೆ ಅಷ್ಟೇ. ಪೂರ್ತಿ ಮುಳುಗೋದು ನಾಳೆ.”

ಅಮ್ಮ ನೆಲಕ್ಕೆ ಕೂತು ಮಗಳ ಕೈ ಹಿಡಿದುಕೊಂಡಳು. ಸುಟ್ಟ ವಾಸನೆ ಬಂತು.

“ಅಪ್ಪಾ, ಇಸ್ತ್ರಿ!” ಎಂದು ಹುಡುಗಿಯೇ ಕಿರುಚಿದಳು.

ಅಪ್ಪ ಪೆಟ್ಟಿಗೆ ಎತ್ತಿದ. ಬಿಳಿ ಕೋಟಿನ ಎದೆಯ ಮೇಲೆ ಪೆಟ್ಟಿಗೆಯ ಆಕಾರದ ಕಂದು ಕಲೆ ಕೂತಿತ್ತು. ಅಪ್ಪ ಕಲೆಯನ್ನು ನೋಡಿದ, ಮಗಳನ್ನು ನೋಡಿದ. ದಿನವೂ ನಗಿಸುತ್ತಿದ್ದ ಜೋಕು ಅವನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ನಿಂತಿತು.

“ನರ್ಸಮ್ಮಾ, ನಿಮ್ಮ ಕೋಟು...”

“ಕೋಟು ಹಾಳಾಗಿ ಹೋಗ್ಲಿ! ಇನ್ನೊಂದು ಹೊಲಿಸ್ತೀನಿ. ಇವಳ ಚರ್ಮನ ಯಾವ ದರ್ಜಿ ಹೊಲೀತಾನಣ್ಣಾ? ನಾಳೆ ಇವಳು ಆ ಟಬ್ಬಿಗೆ ಇಳಿದಿದ್ರೆ? ಕಣ್ಣಿಗೆ ಹೋಗಿದ್ರೆ? ಕುಡಿದಿದ್ರೆ?”

ಅಜ್ಜಿಯದು ಹಳೇ ನಾಲಿಗೆ, ಸುಮ್ಮನಿದ್ದರೆ ತಾನೇ? “ಯಾರೋ ತಮಾಷೆಗೆ ನಾಲ್ಕು ಮಾತು ಅಂತಾರಮ್ಮ. ಅಷ್ಟಕ್ಕೇ ಹೀಗೆ ಮಾಡ್ಕೊಳ್ಳೋದಾ? ನಮ್ಮ ಕಾಲದಲ್ಲಿ ನಮ್ಮನ್ನೂ ಅಂತಿದ್ರು. ನಾವೇನು ಸತ್ತೋದ್ವಾ?”

“ಅಜ್ಜಿ, ನಿಮ್ಮನ್ನ ಏನಂತಿದ್ರು?” ಎಂದು ಕೇಳಿದಳು ನರ್ಸಮ್ಮ.

“ಕಾಗೆ ಅಂತಿದ್ರು.”

“ಯಾರು?”

“ನಮ್ಮತ್ತೆ.” ಅಜ್ಜಿಯ ದನಿ ತಗ್ಗಿತು. “ಮದುವೆಯಾದ ದಿನದಿಂದ ಅವರು ಸಾಯೋವರೆಗೂ.”

“ಅದು ಇವತ್ತಿಗೂ ನೆನಪಿದೆ. ತಮಾಷೆ ಆಗಿದ್ರೆ ಇಷ್ಟೊತ್ತಿಗೆ ಮರೀತಿದ್ರಿ.”

ಅಜ್ಜಿ ಕೂಸನ್ನು ಎದೆಗೆ ಒತ್ತಿಕೊಂಡಳು.

ಅಮ್ಮ ಅಳುತ್ತಲೇ ಎದ್ದು ಒಳಗೆ ಹೋಗಿ ಒಂದು ಕ್ರೀಮಿನ ಡಬ್ಬಿ ತಂದಳು. “ಇದನ್ನ ನಾನೇ ದಿನಾ ಹಚ್ತಿದ್ದೆ. ಅತ್ತೆ ತರಿಸಿಕೊಟ್ಟಿದ್ರು. ಬೆಳ್ಳಗಾಗ್ತಾಳೆ ಅಂದ್ರು. ಮುಂದೆ ಒಳ್ಳೇ ಕಡೆ ಸಂಬಂಧ...”

“ಎರಡನೇ ಕ್ಲಾಸಿನ ಮಗೂಗೆ ಸಂಬಂಧ! ಮೊದಲು ಮಗ್ಗಿ ಕಲೀಲಿ ಅಕ್ಕಾ!” ನರ್ಸಮ್ಮ ಡಬ್ಬಿ ಕಿತ್ತುಕೊಂಡಳು. “ಇದರಲ್ಲಿ ಏನು ಹಾಕಿದ್ದಾರೆ ಅಂತ ಒಂದಕ್ಷರ ಇಲ್ಲ. ಬೆಳ್ಳಗೆ ಮಾಡ್ತೀವಿ ಅಂತ ಮಾರೋ ಕೆಲವು ಕ್ರೀಮಲ್ಲಿ ಪಾದರಸ ಇರುತ್ತೆ, ಅದು ಕಿಡ್ನಿ ಹಾಳು ಮಾಡುತ್ತೆ. ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತೆ, ಅದು ಚರ್ಮ ತೆಳ್ಳಗೆ ಮಾಡುತ್ತೆ. ಡಾಕ್ಟರು ಹೇಳದೆ ಇಂಥದ್ದು ಹಚ್ಚಬೇಡಿ ಅಂತ ಹೇಳಿ ಹೇಳಿ ನನ್ನ ನಾಲಿಗೆ ಸವೆದು ಹೋಯ್ತು.”

“ಹಾಗಾದ್ರೆ ನನ್ನ ಕಪ್ಪು ಯಾವುದರಿಂದ ಹೋಗುತ್ತೆ?” ಎಂದಳು ಹುಡುಗಿ.

ನರ್ಸಮ್ಮ ಅವಳನ್ನು ಹತ್ತಿರ ಎಳೆದುಕೊಂಡಳು. “ಹೋಗಲ್ಲ ಮರಿ. ಹೋಗೋದಕ್ಕೆ ಅದು ಕಲೆ ಅಲ್ಲ, ಕೊಳೆ ಅಲ್ಲ. ಎಲ್ಲರ ಚರ್ಮದೊಳಗೂ ಮೆಲನಿನ್ ಅಂತ ಒಂದು ಬಣ್ಣ ಇರುತ್ತೆ. ಅದು ಬಿಸಿಲಿಗೆ ಹಿಡಿಯೋ ಕೊಡೆ ಇದ್ದ ಹಾಗೆ. ನಿನ್ನ ಕೊಡೆ ಸ್ವಲ್ಪ ದಟ್ಟ, ನಿನ್ನ ತಮ್ಮನದು ತೆಳು. ಅದರಲ್ಲಿ ದೇಶ ಇಲ್ಲ, ಜಾತಿ ಇಲ್ಲ, ಬುದ್ಧಿ ಇಲ್ಲ, ಗುಣ ಇಲ್ಲ.”

“ಮತ್ತೆ ಕಪ್ಪು ಅಂದ್ರೆ ಯಾಕೆ ನಗ್ತಾರೆ?”

“ಕಪ್ಪು ಅನ್ನೋದು ಬೈಗುಳ ಅಲ್ಲ. ದೊಡ್ಡೋರು ಅದನ್ನ ಬೈಗುಳ ಮಾಡಿದ್ದಾರೆ.”

ಹುಡುಗಿ ದೊಡ್ಡವರ ಕಡೆ ತಿರುಗಿದಳು. “ಕೋಟಿನ ಕಪ್ಪು ಹೋದ್ರೂ ಕೂಗಾಡ್ತೀರ, ನನ್ನ ಕಪ್ಪು ಹೋಗ್ದೇ ಇದ್ರೂ ಕೂಗಾಡ್ತೀರ. ನಿಮಗೆ ಏನು ಬೇಕು ಅಂತ ಮೊದಲು ಎಲ್ಲರೂ ಕೂತು ತೀರ್ಮಾನ ಮಾಡ್ಕೊಳ್ಳಿ. ನಂಗೆ ಸಾಕಾಗಿದೆ.”

ನರ್ಸಮ್ಮ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮುಲಾಮು, ಪಟ್ಟಿ, ಮತ್ತೆ ಮತ್ತೆ ಓಡಾಟ. ಗಾಯ ಮಾಯಿತು. ಕಲೆ ಮಾತ್ರ ಉಳಿಯಿತು. ಅಪ್ಪ ಬ್ಲೀಚಿನ ಕ್ಯಾನನ್ನು ಬೀಗ ಹಾಕುವ ಕಪಾಟಿಗೆ ಸೇರಿಸಿದ. ಈ ಕೆಲಸವನ್ನು ಅವನು ಮಗಳು ನಡೆಯಲು ಕಲಿತ ದಿನವೇ ಮಾಡಬೇಕಿತ್ತು.

ಅಜ್ಜಿಯದೇ ಕಷ್ಟ. “ಕರಿ...” ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಕೊನೆಗೆ ಹುಡುಗಿಯೇ ಕರುಣೆ ತೋರಿದಳು.

“ಕರಿ ತೆಗೆದುಬಿಡಿ ಅಜ್ಜಿ. ಗುಂಡಿ ಇರಲಿ. ಗುಂಡಿ ಇಲ್ದೆ ಯಾವ ಕೋಟು ನಿಲ್ಲುತ್ತೆ?”

ಬಣ್ಣ ಕೂಡಿಸಿದ ಕೋಟು ಒಯ್ಯಲು ವಕೀಲರು ಬಂದರು. ಕೋಟು ಕಾಡಿಗೆಯಂತೆ ಮಿರುಗುತ್ತಿತ್ತು. “ಭೇಷ್! ಇದು ಕಪ್ಪು ಅಂದ್ರೆ!” ಎಂದವರೇ ಹುಡುಗಿಯನ್ನು ನೋಡಿ ನಕ್ಕು, ಅಪ್ಪನ ಜೋಕಿಗೆ ಕಾದರು. “ಏನಯ್ಯಾ, ದೇವರು ಇವಳ ಮೇಲೆ ಇಸ್ತ್ರಿ ಪೆಟ್ಟಿಗೆ...?”

“ಇಲ್ಲ ಸ್ವಾಮಿ,” ಎಂದ ಅಪ್ಪ. “ಅದು ನಾನು ಹೇಳಿದ ಸುಳ್ಳು. ನನ್ನ ಮಗಳು ಚೆನ್ನಾಗಿದ್ದಾಳೆ. ಕೋಟು ತಗೊಳ್ಳಿ.”

ಒಳಗಿನಿಂದ ಅಜ್ಜಿಯ ದನಿ ಬಂತು. “ಕಪ್ಪಿಗೇ ಮರ್ಯಾದೆ ಅಂತ ನೀವೇ ಅಂದ್ರಂತಲ್ಲ ಸ್ವಾಮಿ. ಆ ಮರ್ಯಾದೆ ಬರೀ ಕೋಟಿಗೇನಾ?”

ವಕೀಲರಿಗೆ ಕೋರ್ಟಿನಲ್ಲಿ ಎಷ್ಟು ವಾದ ಬರುತ್ತಿತ್ತೋ ಗೊತ್ತಿಲ್ಲ. ಅಂದು ಚಿಲ್ಲರೆಯನ್ನೂ ಕೇಳದೆ ಕೋಟು ಹೆಗಲಿಗೆ ಹಾಕಿಕೊಂಡು ಹೊರಟರು.

ಈಗ ನಿಮ್ಮ ಸರದಿ. ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಪಾಠ ಹೇಳುವ ಮಿಸ್‌ಗಳೇ, ‘ನಮ್ಮ ಮನೆಯಲ್ಲಿ ಹಾಗೇನಿಲ್ಲ’ ಎಂದು ತಲೆ ಆಡಿಸಬೇಡಿ. ಇಂದೇ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು, ಯಾರು ಏನೆಂದು ಕರೆಯುತ್ತಾರೆ ಎಂದು ಕೇಳಿ. ಉತ್ತರ ಕೇಳುವ ಧೈರ್ಯ ಇಟ್ಟುಕೊಳ್ಳಿ. ಬೆಳ್ಳಗಾಗಿಸುವ ಡಬ್ಬಿಗಳನ್ನು ಮಕ್ಕಳ ಮೈಯಿಂದ ದೂರ ಇಡಿ. ಬ್ಲೀಚಿಗೆ ಬೀಗ ಹಾಕಿ. ಅಕಸ್ಮಾತ್ ಮೈಗೆ ಬಿದ್ದರೆ ಟೂತ್‌ಪೇಸ್ಟು, ಎಣ್ಣೆ ಹಚ್ಚಬೇಡಿ. ಬ್ಲೀಚು ತಾಗಿದ ಬಟ್ಟೆ ತೆಗೆದು, ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಓಡಿ.

ಇನ್ನು ಕಂಡವರ ಮಕ್ಕಳ ಬಣ್ಣ ನೋಡಿ ‘ಅಯ್ಯೋ ಪಾಪ’ ಎನ್ನಲು ನಾಲಿಗೆ ತುರಿಸಿದರೆ, ದಯವಿಟ್ಟು ಬಾಯಿಗೆ ಬೀಗ ಹಾಕಿಕೊಳ್ಳಿ. ಬೀಗ ಸಿಗದಿದ್ದರೆ ಆ ಲಾಂಡ್ರಿಗೆ ಹೋಗಿ. ಡಬ್ಬಿ ತುಂಬ ಗುಂಡಿಗಳಿವೆ, ತುಟಿಗೆ ಒಂದು ಹೊಲಿದುಕೊಡುತ್ತಾರೆ. ಕಪ್ಪು ಗುಂಡಿಯನ್ನೇ.