ಮುಳ್ಳಿಲ್ಲದ ಕುಸುರೆಳ್ಳು

ಹನ್ನೊಂದು ವರ್ಷ ನಾನು ಸಾಂಗಲಿಯಲ್ಲಿ ಡಾಕ್ಟರ ಅತ್ತೆಯಾಗಿ ಬಾಳಿದೆ. ಅದರ ಸುಖ ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ. ಮಂಡಿಯಲ್ಲಿ ಕಾಯಿಪಲ್ಲೆ ಮಾರುವ ಬಾಳೂ ನನ್ನ ಚೀಲ ಕಂಡರೆ ಸಾಕು, ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಹಾಕುತ್ತಿದ್ದ. ಅವನ ದವಡೆ ಹಲ್ಲು ಕಿತ್ತವಳು ನನ್ನ ಸೊಸೆ ಋಚಾ. ಭಜನೆಯಲ್ಲಿ ಹೆಂಗಸರು ನನ್ನ ಪಕ್ಕದ ಜಾಗಕ್ಕೆ ನುಗ್ಗಾಡುತ್ತಿದ್ದರು. ದವಾಖಾನೆ ನಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ. ‘ಡಾ. ಋಚಾ ಲಿಮಯೆ, ದಂತವೈದ್ಯೆ’ ಎಂಬ ಬೋರ್ಡನ್ನು ವಾರಕ್ಕೊಮ್ಮೆ ನಾನೇ ಒರೆಸುತ್ತಿದ್ದೆ. ಋಚಾ ಒಮ್ಮೆಯೂ ಒರೆಸಿದ್ದನ್ನು ಕಾಣೆ. ಆಗಲೇ ನನಗೆ ಗೊತ್ತಾಗಬೇಕಿತ್ತು.

ದೀಪಾವಳಿ ಕಳೆದ ವಾರ, ಅವಲಕ್ಕಿ ತಿನ್ನುತ್ತ ಅವಳು ಹೇಳಿದಳು:

“ಆಯಿ, ನಾನು ದವಾಖಾನಿ ಬಿಡ್ತೀನಿ.”

“ಎಷ್ಟು ದಿನ?”

“ಕಾಯಂ. ಮಿರಜದ ಡಾಕ್ಟರ್ ಗಂಡಹೆಂಡ್ತಿ ನಾವು ನಡಸ್ತೀವಿ ಅಂದಾರ. ನಾನು ಕುಸುರೆಳ್ಳಿನ ಒಡವಿ ಮಾಡಿ ಕೊಡ್ತೀನಿ. ಸಂಕ್ರಾಂತಿ ಮುಗದ ಮ್ಯಾಲೆ ಲಗ್ನದ ಮನಿಯವರಿಗೆ ಮಂಟಪದಾಗ ಚಂದಾಗಿ ಹೊಂದಿಸಿಡೂ ರುಖವತದ ಸಾಮಾನು.”

ನನ್ನ ಚಮಚೆ ಕೈಯಲ್ಲೇ ನಿಂತಿತು. ಮೊದಲ ಸಂಕ್ರಾಂತಿಗೆ ಹೊಸ ಸೊಸೆಗೆ ಕಪ್ಪು ಸೀರೆ ಉಡಿಸಿ, ನೆತ್ತಿಯಿಂದ ಸೊಂಟದವರೆಗೆ ಸಕ್ಕರೆಯ ಒಡವೆ ತೊಡಿಸುವುದು ಎಲ್ಲರ ಮನೆಯಲ್ಲೂ ಉಂಟು. ಅದನ್ನು ಮಾಡಿಕೊಡುವವರು ಯಾರೋ ಇರುತ್ತಾರೆ. ಆ ಯಾರೋ ನಮ್ಮ ಮನೆಯವಳಾಗುವುದೆಂದರೆ?

“ಊರ ಮಂದಿಗೆಲ್ಲ ಸಕ್ರಿ ತಿನಬ್ಯಾಡ್ರಿ ಅಂತ ಹೇಳಿದಾಕಿ, ಈಗ ನೀನೇ ಸಕ್ರಿ ಮಾರ್ತೀಯೇನ?” ಎಂದೆ.

ಅವಳು ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: “ನನ್ನ ಮುಂದ ಬಂದು ಕುಂತವರೆಲ್ಲ ಅಂಜಿಕೊಂಡೇ ಕುಂತಾರ ಆಯಿ. ಹೋದ ವರ್ಷ ಎದುರುಮನಿ ಕೂಸಿಗೆ ಸಕ್ರಿ ಕಿರೀಟ ಮಾಡಿಕೊಟ್ಟೆನಲ್ಲ, ಅವತ್ತು ಮಂದಿ ನನ್ನ ಕೈಗೆಲಸ ನೋಡಿ ನಕ್ರು. ನನಗ ಅದು ಬೇಕು.”

ನನ್ನ ಮಗ ಬ್ಯಾಂಕಿನವನು. ಇಂಥ ಹೊತ್ತಿನಲ್ಲಿ ತಟ್ಟೆಯಿಂದ ಕರಿಬೇವು ಆರಿಸುತ್ತ ಕೂರುವುದು ಅವನ ಅಭ್ಯಾಸ. ಅಂದೂ ಆರಿಸಿದ.

ಮನೆ ನನ್ನ ಹೆಸರಿನಲ್ಲಿದೆ. ನನ್ನ ಸಹಿ ಇಲ್ಲದೆ ಮಿರಜದವರು ಬರುವಂತಿರಲಿಲ್ಲ. ಅವರು ಬಾರದೆ ಇವಳು ಬಿಡುವಂತಿರಲಿಲ್ಲ. ರೋಗಿಗಳನ್ನು ನಡುನೀರಿನಲ್ಲಿ ಕೈಬಿಡುವವಳಲ್ಲ ಅವಳು. ಹಾಗಾಗಿ ನಾನೊಂದು ಷರತ್ತು ಹಾಕಿದೆ. ನಮ್ಮ ಓಣಿಯ ಶರಯೂ ವಹಿನಿಯ ಹೊಸ ಸೊಸೆ ಗಾರ್ಗಿಗೆ ಇದು ಮೊದಲ ಸಂಕ್ರಾಂತಿ. ಅವಳಿಗೆ ಒಡವೆಯ ಪೂರ್ತಿ ಸೆಟ್ಟು ಮಾಡಿಕೊಡಬೇಕು. ಶರಯೂ ಒಪ್ಪಿದರೆ ನನ್ನ ಸಹಿ, ಇಲ್ಲವಾದರೆ ಬೋರ್ಡು ಇದ್ದಲ್ಲೇ ಇರಬೇಕು. ನಾವು ಒಬ್ಬರನ್ನೊಬ್ಬರು ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಶರಯೂ ವಹಿನಿ ದೇವರ ನೈವೇದ್ಯದಲ್ಲೂ ಉಪ್ಪು ಕಮ್ಮಿಯಾಗಿದೆ ಎನ್ನುವ ಹೆಂಗಸು. ಅದಕ್ಕೇ ಅವಳನ್ನು ಆರಿಸಿದ್ದೆ.

ಋಚಾ ಕುಣಿಯುತ್ತ ಒಪ್ಪಿದಳು. ದಿನವಿಡೀ ಕೆಳಗೆ ಹಲ್ಲು, ಸಂಜೆ ಮೇಲೆ ಒಡವೆ. ಹಲ್ಲಿಗೆ ತಂತಿ ಬಿಗಿಯುವ ಇಕ್ಕಳದಿಂದಲೇ ಬಾಜೂಬಂದಿಯ ತಂತಿ ಬಗ್ಗಿಸಿದಳು. ಚಿಮಟದಿಂದ ಕುಸುರೆಳ್ಳಿನ ಒಂದೊಂದೇ ಕಾಳು ಹಿಡಿದು ಕರಿ ಬಟ್ಟೆಗೆ ಕೂರಿಸಿದಳು. ನತ್ತು, ಕಿರೀಟ, ಮಂಗಳಸೂತ್ರ, ಡಾಬು. ಕೆಲಸ ಮಾಡುತ್ತ ಹಾಡು ಗುನುಗುತ್ತಿದ್ದಳು. ದವಾಖಾನೆಯಲ್ಲಿ ಅವಳು ಗುನುಗಿದ್ದನ್ನು ನಾನು ಕೇಳಿರಲಿಲ್ಲ, ಅದು ನನಗೆ ಕಿರಿಕಿರಿ ಮಾಡಿತು.

ಹಬ್ಬಕ್ಕೆ ಐದು ದಿನವಿರುವಾಗ ಶರಯೂ ವಹಿನಿ ನೋಡಲು ಬಂದಳು. ಕಿರೀಟ ಎತ್ತಿ ಬೆಳಕಿಗೆ ಹಿಡಿದಳು.

“ಕೆಲಸ ಅಚ್ಚುಕಟ್ಟ ಅದ ಋಚಾ, ಇಲ್ಲ ಅನ್ನಂಗಿಲ್ಲ. ಆದ್ರ ಇದು ಕುಸುರೆಳ್ಳೇನ? ಒಂದಕ್ಕೂ ಮುಳ್ಳಿಲ್ಲ. ಗುಳಿಗಿ ಪೋಣಿಸಿದಂಗ ಕಾಣಸ್ತದ. ಡಾಕ್ಟರ್ ಕೈಗುಣ ಎಲ್ಲಿ ಹೋದೀತು.”

“ಪ್ಯಾಟ್ಯಾಗ ಹಿಂಥದೇ ಸಿಗೂದು ಕಾಕೂ. ಎಲ್ಲಾ ಮಷೀನಿಂದು.”

“ನಮ್ಮ ಗಾರ್ಗಿ ಗುಳಿಗಿ ಹಾಕ್ಕೊಂಡು ಕೂಡಂಗಿಲ್ಲವ್ವಾ. ಹಬ್ಬದ ಹಿಂದಿನ ದಿನ ಬಂದು ನೋಡ್ತೀನಿ. ಆಗಲಿಲ್ಲಂದ್ರ ಪುಣೆದಿಂದ ತರಸ್ತೀನಿ.”

ನಾನು ಗೆದ್ದೆ. ಗೆಲ್ಲಲು ಇನ್ನು ಮಾಡಬೇಕಾದದ್ದೇನೂ ಇರಲಿಲ್ಲ, ಸುಮ್ಮನೆ ಕುಳಿತರೆ ಸಾಕಿತ್ತು. ಕುಳಿತೆ. ಚಹಾ ಕುಡಿದೆ. ಎದುರಿಗೆ ಋಚಾ ಕಿರೀಟದ ಕಾಳುಗಳನ್ನು ಬಿಡಿಸುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಅಳುವವರನ್ನು ಸಮಾಧಾನ ಮಾಡಿದರೆ ಮುಗಿಯಿತು. “ಮಿರಜದವರಿಗೆ ಬರಬ್ಯಾಡ್ರಿ ಅಂತ ಹೇಳ್ತೀನಿ ಆಯಿ” ಎಂದಷ್ಟೇ ಹೇಳಿದಳು.

ಆದರೆ ನನ್ನ ಕಣ್ಣು ಆ ಕಾಳುಗಳ ಮೇಲೇ ಇತ್ತು. ಮೈತುಂಬ ಸಕ್ಕರೆಯ ಮುಳ್ಳು ಏಳಬೇಕಾದ ಕಾಳುಗಳು ನುಣ್ಣಗೆ, ಬೋಳುಬೋಳಾಗಿದ್ದವು. ನನ್ನ ತವರೂರು ವಾಯಿಯಲ್ಲಿ ಇಂಥದ್ದನ್ನು ಒಲೆಯಿಂದ ಇಳಿಸುತ್ತಲೂ ಇರಲಿಲ್ಲ. ಹತ್ತೊಂಬತ್ತರ ಪ್ರಾಯದಲ್ಲಿ ನಾನು ಮಾಡಿದ ಕುಸುರೆಳ್ಳು ಬೇಕೆಂದು ಹತ್ತು ಮನೆಗಳವರು ತಿಂಗಳು ಮೊದಲೇ ಹೇಳಿಕಳಿಸುತ್ತಿದ್ದರು. ಮದುವೆಯಾಗಿ ಬಂದ ವರ್ಷ ಇಲ್ಲಿಯೂ ತಾಮ್ರದ ಅಗಲ ತಟ್ಟೆ, ಪರಾತ, ಹೊರತೆಗೆದೆ. ನನ್ನ ಅತ್ತೆ, “ಇದು ಮಿಠಾಯಿ ಅಂಗಡಿ ಅಲ್ಲ” ಎಂದು ಅದನ್ನು ಅಟ್ಟಕ್ಕೆ ಹಾಕಿಸಿದರು. ಅದನ್ನು ಮರೆತಿದ್ದೇನೆಂದೇ ತಿಳಿದಿದ್ದೆ. ನಲವತ್ತೈದು ವರ್ಷದ ಸಿಟ್ಟು ಒಮ್ಮೆಲೇ ಬಂತು. ಅದರ ಹಿಂದೆಯೇ ನಾಚಿಕೆ ಬಂತು, ಯಾಕೆಂದರೆ ನಾನೂ ಋಚಾಳಿಗೆ ಹೆಚ್ಚುಕಡಿಮೆ ಅದೇ ಮಾತನ್ನು ಆಡಿದ್ದೆ.

ಮರುದಿನ ಬೆಳಕು ಹರಿಯುವ ಮೊದಲೇ ಪರಾತ ಇಳಿಸಿ ತೊಳೆದೆ. ಕುಸುರೆಳ್ಳಿಗೆ ಚಳಿ ಬೇಕು. ಶೆಗಡಿಯ ಕೆಂಡದ ಮೇಲೆ ಬೂದಿ ಹರವಿ, ಎಳ್ಳು ಹಾಕಿ, ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳ ತುದಿಯಿಂದ ಹೊರಳಿಸತೊಡಗಿದೆ. ವಾಸನೆಗೆ ಎದ್ದು ಬಂದ ಋಚಾ ಬಾಗಿಲಲ್ಲೇ ನಿಂತಳು.

“ಆಯಿ, ನಿಮಗ ಇದು ಬರ್ತದ?”

“ನಿನಗ ಹಲ್ಲು ಕೀಳಾಕ ಬರ್ತದಲ್ಲ, ಹಂಗ.”

“ಮತ್ತ ನಿನ್ನೆ ಯಾಕ ಹೇಳಲಿಲ್ಲ?”

“ನೀ ಸೋಲಲಿ ಅಂತ.”

ಅವಳು ಎಂಥ ನಗು ನಕ್ಕಳೆಂದರೆ ಮಗ ಒಳಗಿನಿಂದ “ಏನಾತು?” ಎಂದು ಕೂಗಿದ. ನನಗೂ ನಗು ತಡೆಯಲಾಗಲಿಲ್ಲ.

“ಫ್ಯಾನ್ ಹಚ್ಚಬ್ಯಾಡ. ಬಾ, ಕೂಡು. ಸಕ್ರಿಗೆ ಅವಸರ ಆಗಂಗಿಲ್ಲ.”

ಅವಳು ದವಾಖಾನೆಯ ಭೂತಗನ್ನಡಿಯ ಕನ್ನಡಕ ಹಾಕಿಕೊಂಡು ಬಂದು ಪರಾತದ ಮೇಲೆ ಬಾಗಿದಳು. ಮೂರು ಮುಂಜಾನೆ ಹಾಗೇ ಕುಳಿತೆವು. ಎರಡನೆಯ ಮುಂಜಾನೆ ಅವಳು ನನ್ನ ತೋಳು ಹಿಡಿದು, “ಮುಳ್ಳು ಬಂತು ಆಯಿ, ಎದ್ದು ನಿಂತಾವ” ಎಂದಳು. ಅವಳಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಬೆರಳ ತುದಿಗಳೆಲ್ಲ ಬೊಬ್ಬೆ ಎದ್ದಿದ್ದವು, ಅವಳೇ ಮುಲಾಮು ಹಚ್ಚಿದಳು.

ಹಬ್ಬದ ಹಿಂದಿನ ದಿನ ಶರಯೂ ವಹಿನಿ ಬಂದು ಕಿರೀಟ ಎತ್ತಿದಳು. ತಿರುಗಿಸಿ ತಿರುಗಿಸಿ ನೋಡಿದಳು. ಬಟ್ಟಲಲ್ಲಿ ಉಳಿದಿದ್ದ ಒಂದು ಕಾಳನ್ನು ಬಾಯಿಗೆ ಹಾಕಿಕೊಂಡಳು.

“ನಾಲಿಗಿಗೆ ಚುಚ್ಚತದ. ಯಾರು ಮಾಡಿದ್ದು?”

“ನಮ್ಮ ಆಯಿ.”

“ಇಷ್ಟು ವರ್ಷ ಎಲ್ಲಿ ಮುಚ್ಚಿಟ್ಟಿದ್ರಿ ವಹಿನಿ? ಗುಳಿಗಿ ಅಂದದ್ದು ಹೊಟ್ಟ್ಯಾಗ ಹಾಕ್ಕೋರಿ” ಎಂದು ಶರಯೂ ನನಗೆ ಹೇಳಿದಳು. ಅವಳು ‘ಆದ್ರ’ ಇಲ್ಲದೆ ಯಾವುದನ್ನಾದರೂ ಮೆಚ್ಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಸಂಕ್ರಾಂತಿಯ ಸಂಜೆ ಗಾರ್ಗಿ ಕಪ್ಪು ಚಂದ್ರಕಳಾ ಸೀರೆಯುಟ್ಟು, ಬೆಳ್ಳಗೆ ಮಿನುಗುತ್ತ ಚೌರಂಗದ ಮಣೆಯ ಮೇಲೆ ಕುಳಿತಳು. ಕನ್ನಡಿ ನೋಡಿಕೊಂಡು ಹಲ್ಲೆಲ್ಲ ಕಾಣುವಂತೆ ನಕ್ಕಳು. ಕೂಡಿದ ಹೆಂಗಸರೆಲ್ಲ ನಕ್ಕರು. ಋಚಾ ಗೋಡೆಗೆ ಒರಗಿ ಆ ನಗುವನ್ನು ನೋಡುತ್ತ ನಿಂತಿದ್ದಳು. ಅವಳ ಮುಖ ನೋಡಿ ನನ್ನ ಹೊಟ್ಟೆ ತಣ್ಣಗಾಯಿತು.

ಮನೆಗೆ ಬಂದು ಮಿರಜದವರ ಕಾಗದಕ್ಕೆ ಸಹಿ ಹಾಕಿದೆ. ಮರುದಿನ ಬೋರ್ಡು ಬಿಚ್ಚಿದವಳೂ ನಾನೇ. ಅದರ ಹಿಂಬದಿ ಸಪಾಟಾಗಿದೆ. ಈಗ ಅದರ ಮೇಲೆ ಒಡವೆ ಒಣಗಿಸುತ್ತೇವೆ.

ಮುಂದಿನ ವಾರ ಋಚಾ ಒಬ್ಬಳೇ ಮಂಡಿಗೆ ಹೋಗಿದ್ದಳು. ಡಾಕ್ಟರು ಎನ್ನುವುದು ಹೋಯಿತಲ್ಲ, ಬಾಳೂ ಹೇಗೆ ನಡೆಸಿಕೊಳ್ಳುತ್ತಾನೋ ಎಂದು ನನಗೆ ಒಳಗೊಳಗೇ ಅಳುಕು. ಬಾಳೂನ ಹೆಂಡತಿ ಅವಳನ್ನು ಪಕ್ಕದ ಅಂಗಡಿಯವಳಿಗೆ ತೋರಿಸಿ, “ಕುಸುರೆಳ್ಳಿನ ಕುಮುದಿನಿಬಾಯಿ ಅದಾರಲ್ಲ, ಅವರ ಸೊಸಿ ಈಕಿ” ಎಂದಳಂತೆ. ಕೇಳದೆಯೇ ಒಂದು ಹಿಡಿ ಕೊತ್ತಂಬರಿಯನ್ನೂ ಹಾಕಿದಳಂತೆ.

“ತಗೋರಿ ಆಯಿ, ನಿಮ್ಮ ಹೆಸರಿನ ಮ್ಯಾಲೆ ಬಂದದ್ದು” ಎಂದು ಋಚಾ ಚೀಲವನ್ನು ನನ್ನ ಮುಂದೆ ಸುರಿದಳು. ನಾನು ಕೊತ್ತಂಬರಿ ಆರಿಸುತ್ತ ಕುಳಿತೆ. ಬೆರಳ ತುದಿ ಇನ್ನೂ ಸಣ್ಣಗೆ ಉರಿಯುತ್ತಿತ್ತು. ಅದು ಬೇಗ ಮಾಯುವುದು ನನಗೆ ಬೇಕಿರಲಿಲ್ಲ.